ಪ್ಲಾಟ್‌ಫಾರ್ಮಿನಲ್ಲಿ ನಿಂತ ಹುಡುಗಿ

ನನ್ನದೊಂದು ದರಿದ್ರ ಚಾಳಿ. ಕಥೆಯ ಮೊದಲ ಪ್ಯಾರಾವನ್ನೇ ತಿದ್ದುತ್ತ ಕೂರುವುದು. ಕಾಲೇಜಿನಲ್ಲಿ ಪಾಠ ಮುಗಿಸಿ ದಾವಣಗೆರೆಯ ವಿದ್ಯಾನಗರದ ಮನೆಗೆ ಬಂದು ಬರೆಯಲು ಕೂತರೆ ನಿನ್ನೆಯ ಸಾಲುಗಳೇ ಕಣ್ಣು ಕುಕ್ಕುತ್ತಿದ್ದವು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಕಥೆಯನ್ನೂ ಕೊನೆ ಮುಟ್ಟಿಸಿರಲಿಲ್ಲ.

ಈ ಸಲ ಹಟ ಹಿಡಿದೆ. ಫೋನಿನಲ್ಲಿ ಬರೆದಷ್ಟನ್ನು ಹರಿಹರದಲ್ಲಿರುವ ಅಕ್ಕನಿಗೆ ವಾಟ್ಸಾಪ್ ಮಾಡಿ, ನನ್ನ ಕಡೆ ಅಳಿಸಿಬಿಡುವುದು. ಕೈಯಲ್ಲಿ ಇಲ್ಲದ್ದನ್ನು ತಿದ್ದುವುದಾದರೂ ಹೇಗೆ? ಮುಗಿಯುವವರೆಗೆ ವಾಪಸ್ ಕೊಡಬೇಡವೆಂದು ಅವಳಿಗೆ ತಾಕೀತು ಮಾಡಿದ್ದೆ. ಪ್ರತಿ ಕಂತಿಗೂ ಅವಳು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದಳು.

ಕಥೆ ಶುರುವಾದದ್ದು ನಮ್ಮೂರಿನ ಕೆ.ಬಿ. ಬಡಾವಣೆಯ ಯಾವುದೋ ಹುಡುಗಿಯಿಂದ. ನಡುವೆ ಅದು ನನ್ನ ಕೈ ತಪ್ಪಿತು. ಹುಡುಗಿ ಮನೆಯಲ್ಲಿ ಹೇಳದೆ ನರ್ಸಿಂಗ್ ಓದಲು ಹೊರಟಳು. ದಾವಣಗೆರೆಯಲ್ಲಿ ಗುರುತಿನವರು ಕಂಡಾರೆಂದು ಹರಿಹರಕ್ಕೆ ಬಂದು, ಸ್ಟೇಷನ್ನಿನಲ್ಲಿ ಬ್ಯಾಗು ಹಿಡಿದು ನಿಂತಳು. ಅಷ್ಟನ್ನು ಕಳಿಸಿ ಅಳಿಸಿದ ಮೇಲೆ ನನಗೆ ಹೊಳೆಯಿತು. ಇದು ಅಕ್ಕನದೇ ಕಥೆ! ಮದುವೆಗೆ ಮುಂಚೆ ಅವಳೂ ಹೀಗೇ ಹೋಗಿ, ಸಂಜೆಗೆ ಮನೆಗೆ ಮರಳಿದ್ದಳು. ಅವಳ ಬ್ಯಾಗಿನಲ್ಲಿದ್ದ ನರ್ಸಿಂಗ್ ಕಾಲೇಜಿನ ಪತ್ರ, ಹರಿಹರದಿಂದ ತೆಗೆಸಿದ ರೈಲು ಟಿಕೆಟ್ ನೋಡಿ ನನಗೆ ಗೊತ್ತಾಗಿತ್ತು.

ನೀಲಿ ಗುರುತು ಬಿತ್ತು, ಹೆಬ್ಬೆಟ್ಟು ಬರಲಿಲ್ಲ. ಮರುದಿನವೂ ಇಲ್ಲ. ಪಾಠ ಮಾಡುವಾಗಲೂ ಕಣ್ಣು ಫೋನಿನ ಮೇಲೆಯೇ. ಅವಳು ಮುನಿದರೆ ಕಥೆಯೂ ಹೋಯಿತು, ಅಕ್ಕನೂ ಹೋದಳು. ಕ್ಷಮಿಸು ಎಂದು ಬರೆಯಲು ಹೋದೆ, ಏನನ್ನು ಕ್ಷಮಿಸಬೇಕೆಂದು ಬರೆಯಲಾಗಲಿಲ್ಲ. ಕಡೆಗೆ ಅವಳೇ ಫೋನ್ ಮಾಡಿದಳು.

"ಏನೇ, ಮುಂದಿಂದು ಎಲ್ಲೈತೆ?"

"ಅಕ್ಕಾ, ನಿಂಗೆ ಬ್ಯಾಸರ ಆತೇನು?"

"ಬ್ಯಾಸರದ ಮಾತು ಆಮ್ಯಾಲೆ. ಮೊದ್ಲು ಮುಗ್ಸು. ರೈಲಾದ್ರೂ ಹತ್ಸು, ಮನಿಗಾದ್ರೂ ಕರ್ಕಂಬಾ. ಅಲ್ಲೇ ನಿಲ್ಲಿಸ್ಬ್ಯಾಡ, ನಿಂತು ನಿಂತು ಕಾಲು ನೋಯ್ತಾವೆ."

ಫೋನ್ ಇಟ್ಟಳು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಬರೆದೆ. ರೈಲು ಬಂತು, ಹುಡುಗಿ ಹತ್ತಲಿಲ್ಲ. ಬಸ್ಸಿನ ಕಿಟಕಿಗೆ ತಲೆಯಿಟ್ಟು ಅಳುತ್ತ ಮನೆಗೆ ಬಂದಳು. ಮುಗಿಯಿತು. ಜೀವನದಲ್ಲಿ ಮೊದಲ ಬಾರಿಗೆ ಒಂದು ಕಥೆ, ಹಸಿಯಾಗಿಯಾದರೂ, ಪೂರ್ತಿ ಮುಗಿದಿತ್ತು. ಕಳಿಸಿದೆ. ಖುಷಿಪಡಲು ಧೈರ್ಯ ಸಾಲಲಿಲ್ಲ.

ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಚಲೋ ಬರ್ದೀಯ. ಅಳಾದೊಂದು ತೆಗಿ," ಎಂದಳು. "ನಾನು ಅವತ್ತು ಅಳ್ಲಿಲ್ಲ. ಮನ್ಯಾಗ ಯಾರಾರ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದ್ರೆ ಅಳಾಣ ಅಂದ್ಕಂಡೇ ಬಂದಿದ್ದೆ. ನೀವ್ಯಾರೂ ಕೇಳ್ಲಿಲ್ಲ."