ಗಂಟೆಯ ನಾಲಗೆ

ಆದಿವಾಲದ ಆಚೆ, ಕಲ್ಲುಗುಡ್ಡದ ಮಗ್ಗುಲಿಗಿರುವ ಗೊಲ್ಲರ ಹಟ್ಟಿಯಲ್ಲಿ ಗಂಗಕ್ಕನ ಮನೆಯನ್ನು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಗಂಟೆಗಳ ಸದ್ದು ಕೇಳಿದ ಕಡೆಗೆ ನಡೆದರೆ ಸಾಕಿತ್ತು. ಅವು ಕುರಿಗಳ ಗಂಟೆಗಳಲ್ಲ. ಗಂಡ ಗೊಲ್ಲಪ್ಪ ತೀರಿಕೊಂಡ ವರ್ಷವೇ ಆಕೆ ಕುರಿಗಳನ್ನು ಮಾರಿದ್ದಳು. ಕುರಿಗಳ ಕೊರಳಿನಿಂದ ಬಿಚ್ಚಿ ಇಟ್ಟುಕೊಂಡಿದ್ದ ಗಂಟೆಗಳು ಈಗ ಹಟ್ಟಿಯ ಎಳೆಯ ಮಕ್ಕಳ ಉಡುದಾರದಲ್ಲಿ ತೂಗುತ್ತಿದ್ದವು.

ಹಿರಿಯೂರಿನ ದಾರಿಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯೊಂದು ಬಂದ ಮೇಲೆ ಹಟ್ಟಿಯ ಸೊಸೆಯಂದಿರು ಅದರ ಬಸ್ಸು ಹತ್ತತೊಡಗಿದ್ದರು. ಬೆಳಗಾಗುತ್ತಲೇ ಬರುವ ಬಸ್ಸು ಮರಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಅಂಗನವಾಡಿಗೆ ಮೂರು ತುಂಬದ ಕೂಸುಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸೇರಿದ ಮಕ್ಕಳನ್ನೂ ಬಸ್ಸು ಬರುವ ತನಕ ಇಟ್ಟುಕೊಳ್ಳುತ್ತಿರಲಿಲ್ಲ. ಹೀಗಾಗಿ ಮಕ್ಕಳೆಲ್ಲ ಗಂಗಕ್ಕನ ಅಂಗಳಕ್ಕೆ ಬಂದು ಬಿದ್ದರು. ತಾಯಂದಿರು ರಾಗಿಯನ್ನೋ ಸೋಪನ್ನೋ ತಂದುಕೊಡುತ್ತಿದ್ದರು. ಕೊಡದಿದ್ದರೂ ಆಕೆ ಕೇಳಿದವಳಲ್ಲ.

ಒಂದೊಂದು ಗಂಟೆಗೂ ಒಂದೊಂದು ಕಂಠ. ಗಂಗಕ್ಕ ಒಲೆಯ ಮುಂದೆ ಕುಳಿತೇ, "ಲೇ ಮುದ್ದಕ್ಕನ ಮಗನೇ, ಬೇಲಿ ಹತ್ರ ಏನೋ ನಿನ್ನ ಕೆಲ್ಸ? ಬಾರೋ ಈ ಕಡೆ" ಎಂದು ಕೂಗುತ್ತಿದ್ದಳು. ಹಟ್ಟಿಯವರು ಅದನ್ನು ಜಾಣತನವೆಂದು ಹೊಗಳುತ್ತಿದ್ದರು. ಆಕೆಯ ಕಣ್ಣಿಗೆ ಪೊರೆ ಬಂದು, ಅಂಗಳದ ಆಚೆಯದೆಲ್ಲ ಹಾಲಿನಲ್ಲಿ ಅದ್ದಿದಂತೆ ಕಾಣುತ್ತಿತ್ತೆಂಬುದು ಆಕೆಯೊಬ್ಬಳಿಗೇ ಗೊತ್ತು.

ಒಮ್ಮೆ ಕಟ್ಟಿದ ಗಂಟೆಯನ್ನು ದಾರ ಸವೆದು ಬೀಳುವ ತನಕ ಬಿಚ್ಚಬಾರದೆಂಬುದು ಆಕೆಯ ಮನೆತನದ ಕಟ್ಟಳೆ. ಕಾರ್ಖಾನೆಗೆ ಹೋಗುತ್ತಿದ್ದ ಮೀನಾಕ್ಷಿ ಒಂದು ಸಂಜೆ, ಆಗತಾನೇ ನಡೆಯಲು ಕಲಿತಿದ್ದ ಮಗಳು ಪ್ರೀತಿಯನ್ನು ಕರೆದೊಯ್ಯಲು ಬಂದವಳು ಇದೇ ಮಾತು ತೆಗೆದಳು.

"ಅಜ್ಜೀ, ನಮ್ಮನೆಯೋರು ಲಾರಿ ಇಳ್ದು ಬಂದು ಮಲಗ್ತಾರೆ. ಇವಳು ಮಗ್ಗುಲು ತಿರುಗಿದ್ರೆ ಸಾಕು, ಠಣ್ ಅಂತೈತೆ. 'ಇದೇನು ಮನೇನಾ, ಕುರಿ ರೊಪ್ಪನಾ' ಅಂತ ಬೈತಾರೆ. ಬಿಚ್ಚಿಡ್ಲಾ?"

"ಬಿಚ್ಚಬ್ಯಾಡ ಕಣೇ. ಮಂದೆ ಮಲಗಿಸುವಾಗ ನಾವು ಗಂಟೆಯೊಳಕ್ಕೆ ಹುಲ್ಲು ತುರುಕಿ ನಾಲಗೆ ಕಟ್ತಿದ್ವಿ. ಬೆಳಗಾದ್ರೆ ಕಿತ್ತು ಬಿಸಾಕೋದು. ನೀನು ಬಟ್ಟೆ ಚೂರು ತುರುಕು. ಕಾರ್ಖಾನೆಯೋಳಿಗೆ ಬಟ್ಟೆ ಚೂರಿಗೇನು ಬರ?"

ಮೀನಾಕ್ಷಿ ನಕ್ಕಳು.

ಆ ವರ್ಷದ ಗ್ರಾಮಸಭೆಗೆ ಮೀನಾಕ್ಷಿ ರಜೆ ಹಾಕಿ ಬಂದಳು. ಎದ್ದು ನಿಂತು ಅಧಿಕಾರಿಗೆ ಹೇಳಿದಳು: "ಸಾರ್, ದುಡಿಯೋಕೆ ಹೋಗೋ ಎಲ್ಲಾರ ಮಕ್ಕಳಿಗೂ ಒಂದು ಮನೆ ಮಾಡ್ಕೊಡ್ರಿ. ನಮ್ಮ ಬಸ್ಸು ಬರೋ ತನಕ ತೆರೆದಿರಬೇಕು. ನೋಡ್ಕಳೋರಿಗೆ ಸರ್ಕಾರ ಸಂಬಳ ಕೊಡ್ಲಿ."

ಊರಿನ ಹಿರಿಯ ದಾಸಣ್ಣ ಕುಳಿತಲ್ಲಿಂದಲೇ ಬಾಯಿ ಹಾಕಿದ. "ಹೆರೋರು ನೀವು, ಸಂಬಳ ನಿಮ್ಮನೆಗೆ. ತೊಟ್ಲು ತೂಗೋಕೆ ಮಾತ್ರ ಸರ್ಕಾರ ಬರಬೇಕೇನವ್ವ?"

ಸಭೆ ಗೊಳ್ಳೆಂದು ನಕ್ಕಿತು.

"ನಿಮ್ಮ ಹಸುಗೆ ಜ್ವರ ಬಂದ್ರೆ ಸರ್ಕಾರ ಡಾಕ್ಟ್ರನ್ನ ಕಳಿಸ್ತೈತಲ್ಲ ದಾಸಣ್ಣಾ? ನಮ್ಮ ಕೂಸು ನಿಮ್ಮ ಹಸುಗಿಂತ ಕಡೇನಾ?"

ಈ ಸಲ ನಕ್ಕವರು ಹೆಂಗಸರು. ಅಧಿಕಾರಿ ನಗಲಿಲ್ಲ. ಲೇಖನಿಯ ಮುಚ್ಚಳ ತೆಗೆದು, "ಆಗಲಮ್ಮ, ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳಲು ಹಟ್ಟಿಯಲ್ಲಿ ಯಾರೂ ಇಲ್ಲ ಎಂದು ಸಭೆ ಒಪ್ಪಿದರೆ ಮೇಲಕ್ಕೆ ಬರೆಯುತ್ತೇನೆ" ಎಂದರು.

'ಯಾರೂ ಇಲ್ಲ' ಎಂಬ ಆ ಮಾತು ಗಂಗಕ್ಕನಿಗೆ ಚುಚ್ಚಿತು. ಗೋಡೆಗೆ ಒರಗಿದ್ದವಳು ತಟ್ಟನೆ ಎದ್ದಳು.

"ಯಾರೂ ಇಲ್ಲ ಅಂದ್ರೆ ಏನ್ರೀ ಅರ್ಥ? ನಾನೇನು ಸತ್ತಿದೀನಾ? ಮಂದೆ ಮಂದೆ ಕುರಿ ಕಾದಿದೀನಿ, ಒಂದು ಮರೀನ ತೋಳಕ್ಕೆ ಬಿಟ್ಟುಕೊಟ್ಟೋಳಲ್ಲ ನಾನು. ನನ್ನ ಗಂಟೆ ಅವೆ, ನನ್ನ ಕಿವಿ ಅವೆ!"

"ಮುಗೀತಲ್ಲ ಸಾರ್, ಗಂಗಕ್ಕ ಐತೆ" ಎಂದ ದಾಸಣ್ಣ. ಅಧಿಕಾರಿ ಲೇಖನಿಗೆ ಮುಚ್ಚಳ ಹಾಕಿದರು.

ಹಿಂದಿರುಗುವಾಗ ಮೀನಾಕ್ಷಿ, "ನಿನ್ನ ಬ್ಯಾಡ ಅನ್ನಲಿಲ್ಲ ಅಜ್ಜೀ. ನಿಂಗೂ ವಯಸ್ಸಾತು ಅಂತ ಕೇಳ್ದೆ" ಎಂದಳು.

"ನಿನ್ನ ಮಗಳ ಉಗುರು ಕೂಡ ಕೊಂಕಲ್ಲ. ನಡಿ ಹೋಗಾಣ."

ಸುಗ್ಗಿ ಮುಗಿದ ಮೇಲಿನ ಮಾತು. ಅಂದು ಬಸ್ಸು ತುಸು ಮೊದಲೇ ಬಂದು ಹಾರ್ನ್ ಹೊಡೆಯುತ್ತಿತ್ತು. ಮೀನಾಕ್ಷಿ ನಿದ್ದೆಯಲ್ಲಿದ್ದ ಪ್ರೀತಿಯನ್ನು ಗಂಗಕ್ಕನ ಕೈಗೆ ಹಾಕಿ, ತಲೆಗೂದಲನ್ನು ಕಟ್ಟಿಕೊಳ್ಳುತ್ತಲೇ ಓಡಿದಳು. ಗಂಗಕ್ಕ ಮಗುವನ್ನು ಚಪ್ಪರದ ನೆರಳಲ್ಲಿ ಕಂಬಳಿಯ ಮೇಲೆ ಮಲಗಿಸಿ, ಮಕ್ಕಳಿಗೆ ಅಂಬಲಿ ಕಾಯಿಸಲು ಕುಳಿತಳು. ಮಿಕ್ಕ ಮಕ್ಕಳ ಗಂಟೆಗಳು ಅಂಗಳದ ತುಂಬ ಓಡಾಡುತ್ತಿದ್ದವು. ಪ್ರೀತಿಯ ಹಿತ್ತಾಳೆ ಗಂಟೆಯ ಸಣ್ಣ ದನಿ ಅವುಗಳ ನಡುವೆ ಇರಲಿಲ್ಲ. ಮಗು ಇನ್ನೂ ಮಲಗಿದೆ ಎಂದುಕೊಂಡಳು. ಚಪ್ಪರದ ಕಡೆ ತಿರುಗಿಯೂ ನೋಡಿದಳು. ಕಂಬಳಿಯ ಕಪ್ಪು ಕಂಡಿತು. ಅಷ್ಟೇ ಕಾಣುತ್ತಿದ್ದುದು.

ಅಂಬಲಿ ಆರಿದ ಮೇಲೆ ಎಬ್ಬಿಸಲೆಂದು ಹೋಗಿ ಕೈ ಆಡಿಸಿದಳು. ಕಂಬಳಿ ತಣ್ಣಗಿತ್ತು.

ಹೆಸರು ಹಿಡಿದು ಕೂಗಿದಳು. ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಆಮೇಲೆ ಗೋಡೆ ತಡವಿಕೊಂಡು ಹಿತ್ತಲಿಗೆ ಓಡಿದಳು. ಅಲ್ಲಿ ಹಟ್ಟಿಯ ದನಗಳಿಗೆ ನೀರು ಕುಡಿಸುವ ಕಲ್ಲುತೊಟ್ಟಿ ಇತ್ತು. ಬಾಗಿ ತೋಳು ಇಳಿಬಿಟ್ಟಾಗ ಮೊದಲು ಕೈಗೆ ಸಿಕ್ಕಿದ್ದು ಮಗುವಿನ ಕೂದಲು.

ತೊಡೆಯ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು. ಜನ ಬರುವಷ್ಟರಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಅಭ್ಯಾಸಬಲದಿಂದ ಆಕೆಯ ಕೈ ಉಡುದಾರಕ್ಕೆ ಹೋಯಿತು. ಬೆರಳು ಗಂಟೆಯೊಳಕ್ಕೆ ತೂರಿತು. ಒಳಗೆ, ನಾಲಗೆಗೆ ಸುತ್ತಿಕೊಂಡು ನೆನೆದು ಉಬ್ಬಿದ ಬಟ್ಟೆಯ ಚೂರು. ಗಂಗಕ್ಕ ಅದನ್ನು ಎಳೆದು ತೆಗೆದು ತನ್ನ ಎಲೆಅಡಿಕೆಯ ಚೀಲದೊಳಗೆ ತಳ್ಳಿದಳು. ಸತ್ತ ಮಗುವಿನ ಸೊಂಟದಲ್ಲಿ ಗಂಟೆ ಆಗ ಸಣ್ಣಗೆ ಸದ್ದು ಮಾಡಿತು.

ಮೀನಾಕ್ಷಿಯನ್ನು ಕಾರ್ಖಾನೆಯಿಂದ ಕರೆತಂದರು. ಅವಳು ಕೇಳಿದ್ದು ಒಂದೇ ಮಾತು.

"ಗಂಟೆ ಕೇಳಲಿಲ್ವಾ ಅಜ್ಜೀ?"

"ಕೇಳಿಸ್ತು ಕಣವ್ವ" ಎಂದಳು ಗಂಗಕ್ಕ. "ಸದ್ದು ಮಾಡ್ತಾನೇ ಇತ್ತು. ನಾನೇ ತೂಕಡಿಸ್ತಿದ್ದೆ."

ಮೀನಾಕ್ಷಿಯ ಗಂಡ ರಂಗೇಶ್ ಬಾಯಿಗೆ ಬಂದಂತೆ ಬೈದ. ಗಂಗಕ್ಕ ತಲೆಯೆತ್ತಲಿಲ್ಲ.

ಮಣ್ಣು ಮಾಡಿದ ಮೇಲೆ ಅಧಿಕಾರಿ ಹಟ್ಟಿಗೆ ಬಂದರು. ಮಕ್ಕಳ ಮನೆಯ ಮಾತನ್ನು ಮುದ್ದಕ್ಕ ಮತ್ತೆ ಎತ್ತಿದಳು. ದಾಸಣ್ಣನ ದನಿಯಲ್ಲಿ ಈಗ ಕುಹಕವಿರಲಿಲ್ಲ, ಸಂಕಟವಿತ್ತು. "ಮುದುಕಿ ತೂಕಡಿಸಿದ್ದಕ್ಕೆ ಸರ್ಕಾರ ಏನ್ಮಾಡೀತು ಸಾರ್? ನಮ್ಮ ಹಣೆಬರ." ಅಧಿಕಾರಿ ನಿಟ್ಟುಸಿರಿಟ್ಟು ಜೀಪು ಹತ್ತಿದರು. ಗಂಗಕ್ಕ ಎಲೆಚೀಲದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ನಿಜ ಹೇಳಿದರೆ ಮಕ್ಕಳ ಮನೆ ಬರುವುದೋ ಇಲ್ಲವೋ, ಮೀನಾಕ್ಷಿಯಂತೂ ಉಳಿಯುವುದಿಲ್ಲ.

ಕೆಲವು ದಿನ ಯಾರೂ ಮಕ್ಕಳನ್ನು ತರಲಿಲ್ಲ. ರಜೆ ಹಾಕಿದವರಿಗೆ ಕಾರ್ಖಾನೆಯವರು, ನಾಳೆಯೂ ಬಾರದಿದ್ದರೆ ಇನ್ನು ಬರಲೇಬೇಡಿರೆಂದು ಹೇಳಿಕಳುಹಿಸಿದಾಗ, ಮುದ್ದಕ್ಕ ಮಗನನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಉಳಿದವರು.

"ಬಿಡಬ್ಯಾಡ್ರೇ" ಎಂದಳು ಗಂಗಕ್ಕ. "ನನ್ನ ಕಣ್ಣು ಕಾಣಲ್ಲ. ನಿಜವಾಗ್ಲೂ ಕಾಣಲ್ಲ ಕಣ್ರೇ."

"ಗೊತ್ತಾತಜ್ಜೀ. ಮತ್ತೆಲ್ಲಿ ಬಿಡಾಣ, ನೀನೇ ಹೇಳು?"

ಗಂಗಕ್ಕ ಬಾಗಿಲಿನಿಂದ ಸರಿದು ನಿಂತಳು. ಮಕ್ಕಳು ಅಂಗಳಕ್ಕಿಳಿದರು.

ಅಂದಿನಿಂದ ಆಕೆಗೆ ಹೊಸದೊಂದು ಅಭ್ಯಾಸ ಹತ್ತಿತು. ಪ್ರತಿ ಮಗುವನ್ನೂ ತಾಯಿಯ ಕೈಯಿಂದ ತೆಗೆದುಕೊಳ್ಳುವಾಗ ಗಂಟೆಯೊಳಕ್ಕೆ ಕಿರುಬೆರಳು ಹಾಕಿ, ನಾಲಗೆ ಸಡಿಲವಾಗಿದೆಯೇ ಎಂದು ತಡವಿ ನೋಡುತ್ತಿದ್ದಳು.

ಮೀನಾಕ್ಷಿ ಮತ್ತೆ ಕೆಲಸಕ್ಕೆ ಹೊರಟ ಬೆಳಗ್ಗೆ ಬರಿಗೈಯಲ್ಲಿ ಬಂದು ಬೇಲಿಯ ಬಳಿ ನಿಂತಿದ್ದಳು. ಗಂಗಕ್ಕ ಅವಳನ್ನು ಕಾಣಲಿಲ್ಲ. ಎಂದಿನಂತೆ ಮುದ್ದಕ್ಕನ ಮಗನ ಗಂಟೆಗೆ ಬೆರಳು ಹಾಕಿದಳು, ತಿರುವಿದಳು, ತೆಗೆದಳು.

ಬೇಲಿಯ ಕಡೆಯಿಂದ ಬುತ್ತಿಯ ಡಬ್ಬಿ ನೆಲಕ್ಕೆ ಬಿದ್ದ ಸದ್ದಾಯಿತು. ಬಸ್ಸು ಹಾರ್ನ್ ಹೊಡೆಯಿತು. "ಏ ಮೀನಾಕ್ಷೀ, ಬಾರೇ, ಹೊರಟೈತೆ!" ಎಂದು ಯಾರೋ ಕೂಗಿದರು. ಬಸ್ಸು ಇನ್ನೊಮ್ಮೆ ಕೂಗಿ ಹೊರಟುಹೋಯಿತು. ಗಂಗಕ್ಕ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕಿವಿಗೊಟ್ಟಳು. ಬೇಲಿಯ ಬಳಿ ಯಾರೋ ಇನ್ನೂ ನಿಂತಿದ್ದರು.