ಮೊದಲ ಸಾಲಿನ ಶ್ರೀಕಾರ

ಕೆಲವು ಯಂತ್ರಗಳು ನಾವು ಎದುರಿಗೆ ಕೂತರೆ ಮಾತ್ರ ಕೆಲಸ ಮಾಡುತ್ತವೆ. ರಿಪೇರಿಯವನು ಮನೆಗೆ ಬಂದ ಕೂಡಲೇ ಮಿಕ್ಸಿ ಗಿರ್ರನೆ ತಿರುಗಿ ನಮ್ಮನ್ನೇ ಸುಳ್ಳುಬುರುಕರನ್ನಾಗಿ ಮಾಡುವುದಿಲ್ಲವೆ, ಹಾಗೆ. ನನ್ನ ಮರ್ಯಾದೆ ತೆಗೆಯಲು ಹೀಗೆ ಟೊಂಕ ಕಟ್ಟಿ ನಿಂತದ್ದು ಒಂದು ಶೆಲ್ ಸ್ಕ್ರಿಪ್ಟು.

ಹೆಸರು ಕೇಳಿ ಗಾಬರಿಯಾಗಬೇಡಿ. ಅದು ಕಂಪ್ಯೂಟರಿಗೆ ಬರೆದಿಟ್ಟ ಕೆಲಸದ ಚೀಟಿ, ಅಷ್ಟೆ: ಇದನ್ನು ಮಾಡು, ಆಮೇಲೆ ಅದನ್ನು ಮಾಡು. ಮನೆಯಲ್ಲಿ ನಾನೂ ಇಂಥ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸುತ್ತೇನೆ, ಯಾರೂ ತಿರುಗಿ ನೋಡುವುದಿಲ್ಲ. ಕಂಪ್ಯೂಟರು ಪಾಪ, ಹೇಳಿದ್ದನ್ನು ಮಾಡುತ್ತದೆ. ಆದರೆ ಬರೆದದ್ದನ್ನು ಮಾಡುತ್ತದೆಯೇ ಹೊರತು ನಾವು ಮನಸ್ಸಿನಲ್ಲಿ ಅಂದುಕೊಂಡದ್ದನ್ನಲ್ಲ. ಜಗಳವೆಲ್ಲ ಅಲ್ಲಿಂದಲೇ ಶುರು.

ಚನ್ನಪಟ್ಟಣದ ಸುತ್ತ ಹಿಪ್ಪುನೇರಳೆ ತೋಟಗಳ ಪಕ್ಕದಲ್ಲೇ ಶೀಟಿನ ಶೆಡ್ಡುಗಳು ಏಳುತ್ತಿದ್ದ ಕಾಲ ಅದು. ಅಂಥದೊಂದು ಗಾರ್ಮೆಂಟ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಪಾಳಿ ಮುಗಿದಾಗ ಸೈರನ್ ಕೂಗಿಸುವ ಕೆಲಸವನ್ನೂ ಕಂಪ್ಯೂಟರಿಗೇ ಒಪ್ಪಿಸಿದ್ದೆ. ಹೊತ್ತಿಗೆ ಸರಿಯಾಗಿ ನನ್ನ ಸ್ಕ್ರಿಪ್ಟು ಎದ್ದು ಕೂಗಿಸುತ್ತಿತ್ತು. ಸೈರನ್ ಕೂಗದೆ ಗೇಟು ತೆರೆಯುತ್ತಿರಲಿಲ್ಲ. ನಮ್ಮ ಕನ್ನಡದಲ್ಲಿ ಶಾಲೆ 'ಬಿಟ್ಟಿತು', ಫ್ಯಾಕ್ಟರಿ 'ಬಿಟ್ಟಿತು' ಎನ್ನುತ್ತೇವೆ ನೋಡಿ, ಅಲ್ಲಿಯವರೆಗೆ ಅದು ನಮ್ಮನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು ಎಂಬಂತೆ. ಯಾರು ಕಟ್ಟಿದ ಮಾತೋ, ಪಾಳಿಯಲ್ಲಿ ದುಡಿದವರೇ ಇರಬೇಕು.

ಆಯುಧಪೂಜೆ ಕಳೆದ ಮೇಲೆ ಸೈರನ್ ತಾನಾಗಿ ಕೂಗುವುದನ್ನು ನಿಲ್ಲಿಸಿತು. ನಾನು ಕೀಲಿ ಒತ್ತಿ ಸ್ಕ್ರಿಪ್ಟನ್ನು ಓಡಿಸಿದರೆ ಊರಿಗೇ ಕೇಳುವಂತೆ ಕೂಗುತ್ತದೆ, ಕಂಪ್ಯೂಟರಿನ ಗಡಿಯಾರಕ್ಕೆ ಬಿಟ್ಟರೆ ಬಾಯಿಗೆ ಬೀಗ. ಸರಿಯಾಗಿ ಪರೀಕ್ಷೆ ಮಾಡೋಣವೆಂದರೆ ಅದೂ ಕಷ್ಟ. ಮಧ್ಯಾಹ್ನ ಒಮ್ಮೆ ಕೂಗಿಸಿದ್ದಕ್ಕೆ ಅರ್ಧ ಫ್ಯಾಕ್ಟರಿ ಊಟದ ಡಬ್ಬಿ ಹಿಡಿದು ಗೇಟಿಗೆ ಬಂದುಬಿಟ್ಟಿತು.

ಮ್ಯಾನೇಜರು ನನ್ನನ್ನು ಕರೆಸಿದರು. "ನೋಡಮ್ಮ, ನೀನು ಕೂತು ಒತ್ತೋದಾದ್ರೆ ಕಂಪ್ಯೂಟರ್ ಯಾಕೆ? ಶನಿವಾರ ತಾನಾಗೇ ಕೂಗ್ಬೇಕು. ಇಲ್ಲಾಂದ್ರೆ ಸೈರನ್ನೇ ಬೇಡ. ಕೆಲಸ ಮುಗಿದ್ಮೇಲೆ ಸೂಪರ್‌ವೈಸರ್ರೇ ಜನಾನ ಬಿಡ್ಲಿ."

ಸುದ್ದಿ ಹೊಲಿಗೆ ಸಾಲಿಗೆ ಮುಟ್ಟಿತು. ಹೊಂಗನೂರಿನಿಂದ ಬರುತ್ತಿದ್ದ ನಿಂಗಮ್ಮಕ್ಕ ನೇರ ನನ್ನ ಕೋಣೆಗೇ ಬಂದರು.

"ಅಂಗ್ ಮಾಡ್ಬುಟ್ರೆ ಕೆಟ್ವಿ ಕಣವ್ವ. ಸೈರನ್ ಕೂಗುದ್ರೆ ಯಾರ್ನೂ ಕೇಳಂಗಿಲ್ಲ, ಎದ್ದು ಓಯ್ತೀವಿ. ಸೂಪರ್‌ವೈಸರ್‌ನ ಕೇಳುದ್ರೆ ಇನ್ನೊಸಿ ಇರಿ ಅಂತಾನೆ. ನಮ್ಮನೇಲಿ ರೇಷ್ಮೆ ಹುಳ ಹಣ್ಣಾಯ್ತಾ ಅವೆ. ಶನಿವಾರ ಬಸ್ಸು ತಪ್ಪುದ್ರೆ ಅವುನ್ನ ಚಂದ್ರಿಕೆಗೆ ಬುಡೋರ್ ಯಾರು? ತಟ್ಟೇಲೇ ಒಂದ್ರ ಮೇಲೊಂದು ಗೂಡು ಕಟ್ಕೊಂಡು ಎಲ್ಲಾ ಆಳಾಯ್ತದೆ."

ಗೂಡು ಕಟ್ಟುವಷ್ಟು ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಅದಕ್ಕೆಂದೇ ಹೆಣೆದ ಬಿದಿರಿನ ತಟ್ಟಿ, ಚಂದ್ರಿಕೆಗೆ ಬಿಟ್ಟರೆ ಅಲ್ಲಿ ಕಟ್ಟುತ್ತದೆ, ಇಲ್ಲದಿದ್ದರೆ ಇದ್ದಲ್ಲೇ ಕಟ್ಟುತ್ತದೆ. ಒಂದು ಬೆಳೆಯ ದುಡಿಮೆ ನನ್ನ ಚೀಟಿಗೆ ಬಂದು ನಿಂತಿತ್ತು.

ಸಲಹೆಗಳಿಗೇನೂ ಬರವಿರಲಿಲ್ಲ. ದೃಷ್ಟಿಯಾಗಿದೆ ಎಂದರು ಕೆಲವರು, ಪೂಜೆಯ ಕುಂಕುಮ ಒಳಗೆ ಬಿದ್ದಿದೆ ಎಂದರು ಕೆಲವರು. ನಾನು ಸ್ಕ್ರಿಪ್ಟನ್ನು ಬುಡದಿಂದ ತುದಿಯವರೆಗೆ ಓದಿದೆ, ಮತ್ತೆ ಮತ್ತೆ ಓದಿದೆ. ಓದದೆ ಬಿಟ್ಟದ್ದು ಮೊದಲ ಸಾಲೊಂದನ್ನೇ. ಅದರಲ್ಲಿ ಓದುವುದೇನಿದೆ? ಅಲ್ಲಿದ್ದದ್ದು 'ಶ್ರೀ'.

ಆಯುಧಪೂಜೆಯ ದಿನ ಕಂಪ್ಯೂಟರಿಗೆ ಹೂ ಮುಡಿಸಿದ ಮ್ಯಾನೇಜರು, "ಎಲ್ಲಕ್ಕಿಂತ ಮೇಲೆ ಒಂದು ಶ್ರೀಕಾರ ಹಾಕಮ್ಮ" ಎಂದಿದ್ದರು. ಲಗ್ನಪತ್ರಿಕೆಯಿಂದ ಸಾಮಾನಿನ ಚೀಟಿಯವರೆಗೆ ಎಲ್ಲದರ ನೆತ್ತಿಯ ಮೇಲೂ ಶ್ರೀ ಬರೆಯುವವರು ನಾವು. ಯಂತ್ರ ಅದನ್ನು ಓದದೆ ದಾಟಿಕೊಂಡು ಹೋಗಲಿ ಎಂದು ಮುಂದೆ ಒಂದು ಗುರುತನ್ನೂ ಹಾಕಿ, ಎಂಥಾ ಜಾಣೆ ನಾನು ಎಂದು ಬೀಗಿದ್ದೆ.

ಕೊನೆಗೆ ಆ ಸಾಲನ್ನೂ ನೋಡಿದಾಗ ಹೊಳೆಯಿತು. ಶ್ರೀಯಲ್ಲಿ ದೋಷವಿರಲಿಲ್ಲ, ಅದು ಕೂತ ಜಾಗದಲ್ಲಿತ್ತು. ಚೀಟಿ ಓದಿ ಕೆಲಸ ಮಾಡಿಸುವುದೇ ಶೆಲ್ಲು, ಕಂಪ್ಯೂಟರಿನಲ್ಲಿ ಅಂಥವು ಹಲವು. ಈ ಚೀಟಿಯನ್ನು ಇಂಥ ಶೆಲ್ಲಿಗೇ ಕೊಡಿ ಎಂಬ ವಿಳಾಸ ಮೊಟ್ಟಮೊದಲ ಸಾಲಿನಲ್ಲೇ ಇರಬೇಕು. ಅದು ಎರಡನೆಯದಕ್ಕೆ ಇಳಿದಿತ್ತು. ನಾನು ಓಡಿಸಿದಾಗ ಚೀಟಿ ನನ್ನ ಪರಿಚಯದ ಶೆಲ್ಲಿಗೇ ಹೋಗುತ್ತಿತ್ತು, ಅದಕ್ಕೆ ನನ್ನ ಭಾಷೆ ಗೊತ್ತು. ಗಡಿಯಾರವೇ ಅದನ್ನು ಓಡಿಸಿದಾಗ ಇನ್ನೊಂದು ಶೆಲ್ಲಿನ ಕೈಗೆ ಸಿಕ್ಕಿ, ಅದು ಅರ್ಧ ಅರ್ಥವಾಗದೆ ಸುಮ್ಮನೆ ಕೂರುತ್ತಿತ್ತು.

ಶ್ರೀಕಾರ ಹಾಕಿಸಿದವರನ್ನು ಕೇಳದೆ ಮುಟ್ಟುವುದು ಹೇಗೆ? ಮ್ಯಾನೇಜರ ಮುಂದೆ ಹೋಗಿ ನಿಂತೆ.

"ತೆಗೀಬೇಕಾ?" ಅವರ ಮುಖ ಸಪ್ಪಗಾಯಿತು.

"ಇಲ್ಲ ಸಾರ್, ಒಂದು ಸಾಲು ಕೆಳಗೆ ಇಳಿಸ್ತೀನಿ. ಮೇಲೆ ವಿಳಾಸ ಇರ್ಬೇಕು."

ಅವರ ಮುಖ ತಿಳಿಯಾಯಿತು. "ಇಳಿಸು. ಗುಡೀಲೂ ಮೊದ್ಲು ಸಿಗೋದು ದ್ವಾರಪಾಲಕರೇ ಅಲ್ವಾ?"

ಶನಿವಾರ ಕೈ ತಾನಾಗಿ ಕೀಲಿಗೆ ಹೋಗದಿರಲೆಂದು ಎರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಹೊತ್ತಾಯಿತು. ಸೈರನ್ ಕೂಗಿತು! ಅಬ್ಬಾ, ಹೋದ ಜೀವ ಬಂದಂತಾಯಿತು. ಆ ಕರ್ಕಶ ಸದ್ದಿಗೆ ನನ್ನ ಕಣ್ಣಲ್ಲಿ ನೀರು ತುಂಬಿತು ಎಂದರೆ ಸಂಗೀತ ಬಲ್ಲವರು ನಗಬಹುದು, ನಗಲಿ. ಕಿಟಕಿಯಲ್ಲಿ ನೋಡಿದೆ. ನಿಂಗಮ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂದೆ ಗೇಟು ದಾಟುತ್ತಿದ್ದರು.

ಸೋಮವಾರ ಸಿಕ್ಕಾಗ ಅವರ ಮುಖ ಅರಳಿತ್ತು. "ಎಲ್ಲಾ ಚಂದ್ರಿಕೆ ಅತ್ತುದ್ವು ಕಣವ್ವ. ಗೂಡು ಎಂಗವೆ ಅಂತೀಯ!"

ನನಗೆ ತಡೆಯಲಾಗಲಿಲ್ಲ. "ಶನಿವಾರ ಸೈರನ್ ತಾನಾಗೇ ಕೂಗ್ತು ಅಕ್ಕ, ಗೊತ್ತಾಯ್ತಾ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಕೂಗ್ದೆ ಇನ್ನೇನ್ ಮಾಡದು? ಅದ್ರ ಕೆಲ್ಸ ಅದು."

ಇದಕ್ಕಿಂತ ದೊಡ್ಡ ಸರ್ಟಿಫಿಕೇಟನ್ನು ನನಗೆ ಈವರೆಗೆ ಯಾರೂ ಕೊಟ್ಟಿಲ್ಲ.