ಹತ್ತಕ್ಕೆ ಮೂರು

ಮೊನ್ನೆ ಸೂಕ್ಷ್ಮ ಅರ್ಥಶಾಸ್ತ್ರದ ಅಸೈನ್‌ಮೆಂಟುಗಳನ್ನು ತಿದ್ದಲು ಕೂತಿದ್ದೆ. ಮಾಗಡಿಯ ಕಾಲೇಜೊಂದರಲ್ಲಿ ನಾನು ಪಾಠ ಮಾಡುವುದು ಅದನ್ನೇ. ಕಟ್ಟಿನಿಂದ ಒಂದು ಹಾಳೆ ಎಳೆದರೆ ಗಪ್ಪೆಂದು ವಾಸನೆ ಬಡಿಯಿತು. ಹಿಪ್ಪುನೇರಳೆ ಸೊಪ್ಪು, ಸುಣ್ಣದ ಪುಡಿ, ರೇಷ್ಮೆಹುಳದ ಮನೆಯ ಬೆಚ್ಚನೆಯ ಗಾಳಿ... ಯಾರೋ ಹುಡುಗಿ ಹುಳಕ್ಕೆ ಸೊಪ್ಪು ಹಾಕುತ್ತಲೇ ಬರೆದಿರಬೇಕು. ಪೆನ್ನು ಕೆಳಗಿಟ್ಟೆ. ಪದವಿಯ ಮೊದಲ ವರ್ಷ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳ ನೋಟ್‌ಬುಕ್ಕೂ ಹೀಗೇ ಇರುತ್ತಿತ್ತು. ನಾರುತ್ತೆ ಅಂತ ಅವಳ ಮುಖಕ್ಕೇ ಹೇಳಿದ್ದೆ. ಅವಳು ನಕ್ಕು, ಪುಸ್ತಕವನ್ನು ಆ ಕಡೆಗೆ ಸರಿಸಿಕೊಂಡಿದ್ದಳು.

ಅವಳು ಅಕ್ಕೂರಿನವಳು, ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಬರುತ್ತಿದ್ದಳು. ನಾನು ಚನ್ನಪಟ್ಟಣದವಳೇ, ಹೈಸ್ಕೂಲು ಮೇಷ್ಟ್ರ ಮಗಳು. ತರಗತಿಗೆ ಮೊದಲಿಗಳಾಗುವುದು ನನ್ನ ಹಕ್ಕು ಅಂದುಕೊಂಡಿದ್ದೆ. ಎಂಥ ಜಂಬ ಅಂತೀರಿ!

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಮೊದಲ ದಿನ ಪಾಠವನ್ನೇ ಮಾಡಲಿಲ್ಲ, ಬರೀ ನಿಯಮ ಬರೆಸಿದರು. ಹಾಜರಾತಿ ನೂರಕ್ಕೆ ಎಪ್ಪತ್ತೈದು ಇರಲೇಬೇಕು. ತಪ್ಪಿಸಿಕೊಂಡ ಟೆಸ್ಟು ಮತ್ತೆ ಇಲ್ಲ. ರೇಖಾಚಿತ್ರಕ್ಕೆ ಪೆನ್ಸಿಲ್ಲು, ಸ್ಕೇಲು ಕಡ್ಡಾಯ. ಕೊನೆಯದು ಅವರದೇ ಸ್ವಂತ ನಿಯಮ. ಇಬ್ಬಿಬ್ಬರು ಸೇರಿ ಒಂದು ಮಾರುಕಟ್ಟೆಗೆ ಹೋಗಿ ವರದಿ ಬರೆಯಬೇಕು, ಆಮೇಲೆ ಜೊತೆಗಾರರಿಗೆ ಹತ್ತಕ್ಕೆ ಎಷ್ಟು ಅಂತ ಚೀಟಿಯಲ್ಲಿ ಗುಟ್ಟಾಗಿ ಬರೆದುಕೊಡಬೇಕು. ಐದಕ್ಕಿಂತ ಕಡಿಮೆ ಬಂದವರ ವಿಷಯ ಬಾಕಿ ಉಳಿಯುತ್ತದೆ, ಮುಂದಿನ ವರ್ಷ ಜೂನಿಯರುಗಳ ಜೊತೆ ಮತ್ತೆ ಮಾಡಬೇಕು. "ಕೊಟ್ಟಿದ್ದು ಕೊಟ್ಟಂತೆ. ಆಮೇಲೆ ಅತ್ತರೂ ಬದಲಾಗಲ್ಲ" ಅಂದರು.

ನನಗೆ ಜೋಡಿಯಾಗಿ ಬಂದವಳು ಅವಳೇ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗೋಣ ಅಂದಳು. ಹೋಗುವಾಗ ಬಸ್ಸಿನಲ್ಲಿ ಕಿಟಕಿ ಕಡೆ ನೋಡುತ್ತಲೇ ಹೇಳಿದಳು: "ಒಂದ್ ಸಬ್ಜೆಕ್ಟು ಬಾಕಿ ಉಳುದ್ರೂ ಕಾಲೇಜು ಬುಟ್ಬುಡು, ಮನೇಲಿ ಹುಳ ಮೇಯ್ಸ್ಕೊಂಡಿರು ಅಂದವ್ನೆ ಕಣೆ ನಮ್ಮಪ್ಪ." ನಾನು "ಹೂಂ" ಅಂದೆ. ಕೇಳಿಸಿಕೊಂಡಿದ್ದೆ, ಚೆನ್ನಾಗಿಯೇ ಕೇಳಿಸಿಕೊಂಡಿದ್ದೆ.

ಮಾರುಕಟ್ಟೆಯಲ್ಲಿ ಅವಳೇ ಮಹಾರಾಣಿ. ಗೂಡಿನ ರಾಶಿಗೆ ನನ್ನ ಕೈ ಹಿಡಿದು ತೂರಿಸಿದಳು. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಹುಳ ಲೊಟಲೊಟ ಅಂದರೆ ಒಳ್ಳೇ ಗೂಡು ಅಂತ ತೋರಿಸಿದಳು. ನೂಲು ತೆಗೆಯುವವರು, ರೈತರು, ಎಲ್ಲರೂ ಅವಳನ್ನು ಮಾತಾಡಿಸುವವರೇ. ನಾನು ಪುಸ್ತಕ ಎದೆಗೆ ಅವುಚಿಕೊಂಡು, ಸುಟ್ಟ ಬದನೆಕಾಯಿಯಂಥ ಮುಖ ಮಾಡಿಕೊಂಡು ನಿಂತಿದ್ದೆ.

ಮರುದಿನ ತರಗತಿಯಲ್ಲಿ ಮೇಷ್ಟ್ರು ಕೇಳಿದರು, ಬೆಲೆ ಬಿದ್ದರೆ ಮಾರುವವರು ಸರಕನ್ನು ತಡೆಹಿಡಿಯುತ್ತಾರೆ, ಅಲ್ಲವೇ ಅಂತ. ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಾನು. ಅವಳು ಎದ್ದು ನಿಂತಳು.

"ಗೂಡಾದ್ರೆ ಆಗಲ್ಲ ಸಾರ್. ಮನೇಲಿ ಮಡಿಕ್ಕಂಡ್ರೆ ಚಿಟ್ಟೆ ತೂತು ಮಾಡ್ಕಂಡು ಹೊಂಟೋಯ್ತದೆ. ಆಮೇಲೆ ನೂಲೇ ಬರಲ್ಲ. ರೇಟ್ ಬಿದ್ರೂ ಮಾರ್ಲೇಬೇಕು."

ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡೇ ಅವಳನ್ನು ನೋಡಿದರು. ಆಮೇಲೆ ಬೋರ್ಡಿನ ಮೇಲೆ ನೆಟ್ಟಗೆ ನಿಂತ ಒಂದು ಪೂರೈಕೆ ರೇಖೆ ಎಳೆದು, "ಬೆಲೆ ಏನೇ ಆಗಲಿ, ಪೂರೈಕೆ ಅಷ್ಟೇ. ಇಡೀ ಅಧ್ಯಾಯ ಇಷ್ಟೇ" ಅಂದರು. ಪೂರೈಕೆಯ ಸ್ಥಿತಿಸ್ಥಾಪಕತ್ವದ ವ್ಯಾಖ್ಯೆಯನ್ನು ನಾನು ಮೂರು ದಿನ ಉರು ಹೊಡೆದಿದ್ದೆ. ಅಯ್ಯೋ, ಆಗ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಓದದೆ ಹೇಗೆ ಬರುತ್ತೆ ಇವಳಿಗೆ?

ವರದಿ ಬರೆಯುವ ವಾರ ಅವಳು ನಾಲ್ಕು ದಿನ ಬರಲಿಲ್ಲ. ಅವರ ಮನೆಯಲ್ಲಿ ಹುಳ ಹಣ್ಣಾಗಿದ್ದವು. ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಯ ತಟ್ಟೆಗೆ ಬಿಡಬೇಕು, ಆ ಹೊತ್ತಿನಲ್ಲಿ ಮನೆಯವರು ಯಾರೂ ಆಚೆ ಹೋಗುವಂತಿಲ್ಲ. ವರದಿಯನ್ನು ನಾನೊಬ್ಬಳೇ ಬರೆದೆ. ಅಕ್ಷರ ನನ್ನದು. ಒಳಗಿದ್ದುದೆಲ್ಲ ಅವಳು ಹೇಳಿದ್ದೇ.

ಚೀಟಿಯಲ್ಲಿ ಮೂರು ಅಂತ ಬರೆದೆ. ಸೊನ್ನೆ ಕೊಟ್ಟರೆ ನನ್ನ ಹೊಟ್ಟೆಕಿಚ್ಚು ಕಾಣುತ್ತಿತ್ತು. ನಾಲ್ಕು ಕೊಟ್ಟರೆ ಮೇಷ್ಟ್ರು ತಮ್ಮ ನಿಯಮವನ್ನೂ ಮೀರಿ, ಕನಿಕರಪಟ್ಟು ಐದು ಮಾಡಿಬಿಟ್ಟರೆ? ಮೂರು ನ್ಯಾಯವಾಗಿ ಕಾಣುತ್ತಿತ್ತು. ಬಸ್ಸಿನಲ್ಲಿ ಅವಳು ಹೇಳಿದ್ದು ಬರೆಯುವಾಗ ನೆನಪಿತ್ತೇ? ಇತ್ತು...

ಮೇಷ್ಟ್ರು ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿ, ಎರಡೂ ಚೀಟಿಗಳನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಅವಳ ಚೀಟಿಯಲ್ಲಿ ನನಗೆ ಹತ್ತು ಇತ್ತು. "ನೀನು ಏನೂ ಬರೀಲಿಲ್ವೇನಮ್ಮ?" ಅಂತ ಅವಳನ್ನು ಕೇಳಿದರು.

"ಇಲ್ಲ ಸಾರ್. ಹುಳ ಹಣ್ಣಾಗ್ಬುಟ್ಟಿದ್ವು. ಎಲ್ಲಾ ಅವ್ಳೇ ಬರ್ದಿದ್ದು."

ಒಂದು ಮಾತು ಹೇಳಬಹುದಿತ್ತು ನಾನು, ಇದೆಲ್ಲ ಇವಳ ತಲೆಯಿಂದ ಬಂದದ್ದು ಸಾರ್ ಅಂತ. ಮೇಷ್ಟ್ರು ಅದಕ್ಕಾಗಿಯೇ ನನ್ನ ಮುಖ ನೋಡುತ್ತಿದ್ದರೇನೋ. ನಾನು ನೆಲ ನೋಡಿದೆ. ಅವರು ಚೀಟಿಗಳನ್ನು ಮಡಿಸಿ ಡ್ರಾಯರಿಗೆ ಹಾಕಿದರು.

ಎರಡನೇ ಸೆಮಿಸ್ಟರಿಗೆ ಅವಳು ಬರಲಿಲ್ಲ. ತರಗತಿಗೆ ನಾನೇ ಮೊದಲಿಗಳಾದೆ. ಸಂತೋಷವಾಯಿತೇ ಅಂದರೆ ಆಯಿತು, ಸುಳ್ಳೇಕೆ ಹೇಳಲಿ. ಎರಡು ದಿನ ಇತ್ತು.

ಎಷ್ಟೋ ವರ್ಷಗಳ ಮೇಲೆ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಅವಳೇ ನನ್ನನ್ನು ಗುರುತು ಹಿಡಿದಳು. ಓಡಿಬಂದು ಕೈ ಹಿಡಿದುಕೊಂಡಳು. ನಾನು ಮೇಷ್ಟ್ರಮ್ಮ ಆಗಿದ್ದೇನೆಂದು ಕೇಳಿ ಅವಳಿಗೆ ಆದ ಸಂಭ್ರಮ ನೋಡಿ ನನಗೆ ತಡೆಯಲಾಗಲಿಲ್ಲ. "ಅವತ್ತು ನಾನು ಮೂರು ಕೊಟ್ಟಿದ್ದು..." ಅಂತ ಶುರು ಮಾಡಿದೆ.

"ಬುಡೆ ಅತ್ಲಾಗೆ. ನಾನೆಲ್ಲಿ ಬರ್ದಿದ್ದೆ?" ಅಂದಳು. "ನಾನು ಹತ್ತು ಕೊಟ್ಟಿದ್ದೂ ನೀನು ಬರ್ದಿದ್ದಕ್ಕಲ್ಲ ಕಣೆ. ಮಾರ್ಕೆಟ್ಗೆ ನನ್ ಜೊತೆ ಬಂದ್ಯಲ್ಲ, ಅದುಕ್ಕೆ. ಕಾಲೇಜಿನವ್ರು ಯಾರೂ ನಮ್ ಕೆಲ್ಸ ನೋಡಕ್ಕೆ ಬಂದಿರ್ಲಿಲ್ಲ."

ಅಷ್ಟರಲ್ಲಿ ಅವಳ ಬಸ್ಸು ಬಂತು. ಹೇಳಬೇಕಾದದ್ದನ್ನು ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ. ಹೋದ ವರ್ಷ ಆ ಕಡೆಯ ವಿದ್ಯಾರ್ಥಿನಿಯೊಬ್ಬಳ ಹತ್ತಿರ ವಿಚಾರಿಸಿದಾಗ, ಅವಳು ತೀರಿಕೊಂಡು ಆರು ತಿಂಗಳಾಗಿತ್ತು.

ಮೊನ್ನೆಯ ಕಟ್ಟು ತಿದ್ದಿ ಮುಗಿಯಿತು. ಯಾರಿಗೂ ಹತ್ತಕ್ಕೆ ಹತ್ತು ಹಾಕಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಒಮ್ಮೆಯೂ ಹಾಕಿಲ್ಲ, ಕೈ ಎಂಟಕ್ಕೋ ಒಂಬತ್ತಕ್ಕೋ ನಿಂತುಬಿಡುತ್ತದೆ. ಅವಳು ಮಾತ್ರ ಹದಿನೆಂಟನೇ ವಯಸ್ಸಿಗೇ, ನನ್ನಂಥವಳಿಗೆ, ಹಿಂದೆ ಮುಂದೆ ನೋಡದೆ ಹತ್ತು ಬರೆದುಬಿಟ್ಟಳು. ಅವಳೇ ಇಲ್ಲ ಈಗ, ಆದರೂ ಅವಳ ಮೇಲೆ ನನಗೆ ಹೊಟ್ಟೆಕಿಚ್ಚೇ.